ಸವಾಲು

ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಾಗ
ಇಪ್ಪತ್ತೆರಡು ವರ್ಷ ಉಳ್ಳಾಗಡ್ಡಿ ಸವಾಲು ಕೂಗಿದಾಂವ ನಾನು, ಸಾತಲಿಂಗ.
ನಸುಕಿನಾಗ ಸುರುವಾದರ
ಲಾರಿ ಹಾರ್ನು, ಹಮಾಲರ ಬೈಗಳ, ತಕ್ಕಡಿ ಸಪ್ಪಳ
ಎಲ್ಲಾ ದಾಟಿ ಆರನೇ ಮಳಗಿ ತನಕ ಕೇಳಬೇಕು:
ಹನ್ನೊಂದು, ಹನ್ನೊಂದೂವರಿ, ಹನ್ನೆರಡು, ಯಾರು ಮುಂದ?
ಮರಾಠಿಯಾಗ ಎಣಸ್ತಿದ್ದೆ, ಕನ್ನಡದಾಗ ಬೈತಿದ್ದೆ.

ದನಿ ಒಂದೇ ದಿನಕ್ಕ ಹೋಗಲಿಲ್ಲ.
ಮೊದಲು ಅಂಚು ಹರೀತು, ಹಳೆ ಧೋತರದಂಗ.
ಸಂಜಿಗೆ ಮಾತಾಡಿದರ ಒಳಗ ಉಸುಕು.
ಮೆಣಸಿನಕಾಯಿ ಘಾಟು ಅಂದೆ, ಥಂಡಿ ಅಂದೆ.
ಕಸ್ತೂರಿ ಅರಿಶಿಣ ಹಾಲು ಕೊಟ್ಟಳು, ಜೇಷ್ಠಮಧು ಜಗಿಸಿದಳು.
ಅದರ ಮ್ಯಾಲೆ ನಾ ತಂಬಾಕ ಜಗಿದೆ.
ಆಮ್ಯಾಲೊಂದು ಸೋಮವಾರ
'ಹನ್ನೆರಡು' ಅನ್ನಾಕ ಬಾಯಿ ತೆರದೆ.
ಬಾಯಿ ತೆರೀತು, ಅಷ್ಟ.

ಧುಮಾಳ ಶೇಠ ಹೆಗಲಿನ ಟಾವೆಲ್ ತಗದು ನನ್ನ ಕೈ ಮ್ಯಾಲೆ ಹೊಚ್ಚಿದ.
"ದನಿ ಯಾಕ ಬೇಕೋ? ನಮ್ಮಜ್ಜ ಹಿಂಗ ಯಾಪಾರ ಮಾಡ್ತಿದ್ದ."
ಟಾವೆಲ್ ಕೆಳಗ ಬೆರಳು ಹಿಡಿದರ ರೂಪಾಯಿ,
ಗೆಣ್ಣು ಒತ್ತಿದರ ಎಂಟಾಣೆ.
ಕೊಳ್ಳಾಂವಗ ಗೊತ್ತು, ನನಗ ಗೊತ್ತು.
ಇಂಡಿಯಿಂದ ನಲವತ್ತು ಚೀಲ ತಂದ ಹೆಣಮಗಳಿಗೆ ಗೊತ್ತಿಲ್ಲ.
ಆಕಿ ಟಾವೆಲ್ ನೋಡಲಿಲ್ಲ, ನನ್ನ ಬಾಯಿ ನೋಡಿದಳು.
"ಎಷ್ಟಕ್ಕ ಹೋತ್ರೀ ಅಣ್ಣಾ?"
ನನ್ನದ ಭಾಷೆ, ನನ್ನ ಊರ ಕಡಿ ರಾಗ.
ಒಂಬತ್ತು ಬೆರಳು ತೋರಿಸಿದೆ.
ಬಾಜೂಕಿನ ರಾಶಿ, ಅದ ಗಾತ್ರದ್ದು, ಹನ್ನೊಂದೂವರಿಗೆ ಹೋಗಿತ್ತು.

ಸಸೂನ್ ದವಾಖಾನ್ಯಾಗ ಎಳೆ ವಯಸ್ಸಿನ ಡಾಕ್ಟರಬಾಯಿ
ಮೂಗಿನಾಗಿಂದ ನಳಿಗೆ ಇಳಿಬಿಟ್ಟು ಪಡದೆ ಮ್ಯಾಲೆ ತೋರಿಸಿದಳು:
ಎರಡು ಬಿಳೆ ಪಟ್ಟಿ, ಜೋಡಿ ಕದದಂಗ,
ಎದರಾಬದರು ಸಜ್ಜಿ ಕಾಳಿನಷ್ಟು ಗಂಟು.
ಕದ ಮುಚ್ಚಿದರೂ ಸಂದಿನಾಗಿಂದ ಗಾಳಿ ಸೋರತದ.
ಚೀಟಿ ಮ್ಯಾಲೆ ಬರದೆ: ಕ್ಯಾನ್ಸರ್?
"ಅಲ್ಲ. ಹಮಾಲರ ಅಂಗೈಗೆ ಜಡ್ಡು ಕಟ್ಟತದಲ್ಲ, ಹಂಗ."
ಕೂಗು. ಧೂಳಿ. ತಂಬಾಕ.
ರಾತ್ರಿ ಖಾರ ಉಂಡು ಹಂಗ ಅಡ್ಡಾಗೂದು, ಹುಳಿ ಗಂಟಲಿಗೇರೂದು.
ನೀರು ಕುಡೀಲಾರದ ಕೆಲಸ.
ಒಂದೊಂದಕ್ಕ ಒಂದು ಬೆರಳು ಮಡಚಿದಳು.
ಬೆರಳಿನ ಲೆಕ್ಕ ನನಗ ತಿಳೀತದ.
"ಹತ್ತು ದಿನ ಮಾತಿಲ್ಲ. ಪಿಸುಮಾತೂ ಬ್ಯಾಡ,
ಅದರಿಂದ ಗಂಟಲಿಗೆ ಇನ್ನೂ ತ್ರಾಸ."

ಬಿಬವೇವಾಡಿ ಖೋಲ್ಯಾಗ ಕಸ್ತೂರಿ
ಎರಡು ದಿನ ನನ್ನ ಕೂಡ ಚೀರಿ ಚೀರಿ ಮಾತಾಡಿದಳು.
ದನಿ ಹೋದವಗ ಕಿವಿನೂ ಹೋಗತಾವ ಅಂದ್ಕೊಂಡಿದ್ದಳೇನೋ.
ಮೂರನೇ ದಿನ ಸಣ್ಣಗ ಆದಳು.
ನಲ್ಲಿ ನೀರು ಬರೂ ಸಪ್ಪಳ, ಅಕ್ಕಿ ಆರಿಸೂ ಸಪ್ಪಳ.
ನಮ್ಮ ಮನ್ಯಾಗ ಇಂಥಾವು ಇದ್ದೂ ಅಂತ ನನಗ ಗೊತ್ತಿರಲಿಲ್ಲ.
ಇಂಡಿ ಹೆಣಮಗಳ ಸುದ್ದಿ ಆಕಿಗೆ ಹೇಳಲಿಲ್ಲ.
ಹೇಳಾಕ ಬರತಿರಲಿಲ್ಲ ಅನ್ನೂದೊಂದು ನೆವ ಇತ್ತು.

ಹನ್ನೊಂದನೇ ದಿನದಿಂದ ಅಭ್ಯಾಸ:
ಗ್ಲಾಸಿನಾಗ ಅರ್ಧ ನೀರು, ನೀರಿನಾಗ ಸ್ಟ್ರಾ,
ಸ್ಟ್ರಾದಾಗ 'ಊ' ಅಂತ ಊದಬೇಕು.
ಗುಳುಗುಳು ಗುಳುಗುಳು.
"ಅಪ್ಪ ಎಮ್ಮಿ ಆಗ್ಯಾನ" ಅಂತ ಸಂಗು ಬಿದ್ದು ಬಿದ್ದು ನಕ್ಕಳು.
ಮೂರು ವಾರ ಬರೇ ಗುಳ್ಳಿ.
ಒಂದು ಮುಂಜಾನೆ ಗುಳ್ಳಿ ಹಿಂದ ಹಿಂದ
ನಡಕೋತ ಒಂದು ದನಿ ಬಂತು.
ಯಾರದೋ ಅಂತ ನಾನ ಹೊಳ್ಳಿ ನೋಡಿದೆ.

ಮೂರು ತಿಂಗಳಿಗೆ ಮಾರ್ಕೆಟ್ಟಿಗೆ ಹೋದೆ.
"ಇದೇನು ದೇವರ ಮನಿ ದನಿ" ಅಂತ ಶೇಠ ಟಾವೆಲ್ ಜಾಡಿಸಿದ.
ನಾ ಸಂಗುನ ಹಳೆ ಪಾಟಿ ತಗದೆ, ಬಳಪ ತಗದೆ,
ಪ್ರತಿ ರಾಶಿ ದರ ಬರದು ತಲಿ ಮ್ಯಾಲೆ ಎತ್ತಿ ಹಿಡದೆ.
ಆಮ್ಯಾಲೆ ಒಮ್ಮೆ, ಸಾವಕಾಶ, ಬಾಯಿಲೆ ಅಂದೆ.
ಕೇಳಬೇಕಂದ್ರ ಮಂದಿ ಹತ್ತಿರ ಬರಬೇಕಾತು. ಬಂದರು.
ಶೇಠ ಎರಡು ದಿನ ಸಿಟ್ಟಿನಾಗಿದ್ದ, ಈಗ ಸುಮ್ಮನಾಗ್ಯಾನ.

ತಂಬಾಕ ಬಿಟ್ಟೀನಿ. ಸೀಸೆ ನೀರು ಸೊಂಟಕ್ಕ ಅದ.
ಗಂಟು ಕರಗ್ಯಾವ ಅಂದಳು ಡಾಕ್ಟರಬಾಯಿ.

ಇಂಡಿ ಹೆಣಮಗಳು ಮತ್ತ ಬರಲಿಲ್ಲ.
ಸೊಲ್ಲಾಪುರಕ್ಕ ಒಯ್ಯತಾಳಂತ, ಲಾರಿಯವ ಹೇಳಿದ.
ಕಿಲೋಕ್ಕ ಎರಡೂವರಿ, ಚೀಲಕ್ಕ ಐವತ್ತು ಕಿಲೋ, ನಲವತ್ತು ಚೀಲ.
ದಿನಾ ನಸುಕಿನಾಗ ಸವಾಲಿಗಿಂತ ಮೊದಲು ಒಮ್ಮೆ ಎಣಸತೀನಿ.
ಆ ಲೆಕ್ಕಕ್ಕ ಗಂಟಲು ಬೇಕಾಗೂದಿಲ್ಲ.